ಹದಿನೇಳನೆಯ ಕಲಮು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಇವುಗಳಲ್ಲಿ ಎರಡನೆಯದನ್ನು ನಾನು ಮೂರು ಸಲ ನೋಡಿದ್ದೇನೆ. ಒಂದು ಸಲ ವರನಾಗಿ, ಎರಡು ಸಲ ಹೆಣ್ಣು ಹೆತ್ತವನಾಗಿ. ಮೊದಲನೆಯದನ್ನು ನೋಡುವ ಯೋಗವು ಕೆಲಸದಿಂದ ನಿವೃತ್ತನಾದ ಮೇಲೆ, ಅರುವತ್ತೆರಡನೆಯ ವಯಸ್ಸಿನಲ್ಲಿ ಒದಗಿಬಂದಿತು. ನೋಡಿದ್ದಾಯಿತು. ನೋಡಿದ ಮೇಲೆ ನನಗೆ ತೋರುವುದೇನೆಂದರೆ, ಗಾದೆ ಕಟ್ಟಿದ ಹಿರಿಯರು ಇನ್ನೊಂದು ಮಾತನ್ನೂ ಸೇರಿಸಬೇಕಾಗಿತ್ತು: ಕರಾರು ಓದಿ ನೋಡು. ಅವರ ಕಾಲದಲ್ಲಿ ಮನೆ ಕಟ್ಟುವವನು ಊರಿನ ಗಾರೆಯವನೇ ಆಗಿದ್ದನು, ಕರಾರು ಬಾಯಿಮಾತಿನದಾಗಿತ್ತು, ಸಾಕ್ಷಿಗೆ ಊರಿಗೆ ಊರೇ ಇತ್ತು. ಆದುದರಿಂದ ಆ ಮಾತು ಅವರಿಗೆ ಬೇಕಾಗಲಿಲ್ಲವೋ ಏನೋ.

ನಾನು ೩೪ ವರ್ಷ ಶಿವಮೊಗ್ಗ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಉಪಾಧ್ಯಾಯನಾಗಿದ್ದವನು. ಪರೀಕ್ಷೆಯ ಕೊಠಡಿಯಲ್ಲಿ ನಿಂತು, “ಪ್ರಶ್ನೆಯನ್ನು ಎರಡು ಸಲ ಓದಿ, ಆಮೇಲೆ ಉತ್ತರ ಬರೆಯಿರಿ” ಎಂದು ಪ್ರತಿವರ್ಷವೂ ಹುಡುಗರಿಗೆ ಹೇಳಿದವನು. ಅಂಥವನು ತನ್ನ ಜೀವಮಾನದ ಉಳಿತಾಯವಾದ ೨೨ ಲಕ್ಷ ರೂಪಾಯಿಗಳ ಕರಾರುಪತ್ರಕ್ಕೆ ಒಂದು ಸಲವೂ ಓದದೆ ರುಜು ಹಾಕಿದನೆಂದರೆ ವಾಚಕರು ನಗಬಹುದು. ನಗಲಿ; ಆ ನಗೆಯಲ್ಲಿ ನನಗೂ ಪಾಲುಂಟು. ಆದರೆ ಹಾಗೆ ಮಾಡಲು ನನಗೆ ಎರಡು ಕಾರಣಗಳಿದ್ದವು. ಅವನ್ನು ಕೇಳಿಕೊಂಡು ನಕ್ಕರೆ ಇನ್ನೂ ಒಳ್ಳೆಯದು.

ಮೊದಲನೆಯ ಕಾರಣವು, ಗುತ್ತಿಗೆದಾರನು ನನ್ನ ಶಿಷ್ಯನೆಂಬುದು. ಲೆಕ್ಕದಲ್ಲಿ ಜಾಣನಾಗಿಯೂ ಕನ್ನಡದಲ್ಲಿ ಸಾಧಾರಣನಾಗಿಯೂ ಇದ್ದ ಹುಡುಗನು ಬೆಳೆದು, ಊರಿನ ಹೊಸ ಬಡಾವಣೆಗಳಲ್ಲಿ ಹತ್ತಾರು ಮನೆಗಳನ್ನು ಕಟ್ಟಿದ ಗೃಹಸ್ಥನಾಗಿದ್ದನು. ಎರಡನೆಯ ಕಾರಣವು ಅವನ ಕಚೇರಿಯ ಗೋಡೆಯ ಮೇಲೆ, ಗಣಪತಿಯ ಪಟದ ಪಕ್ಕದಲ್ಲಿ, ಕಟ್ಟು ಹಾಕಿಸಿ ತೂಗುಹಾಕಿದ್ದ ಒಂದು ಪ್ರಮಾಣಪತ್ರ. ಇವನು ಗೃಹನಿರ್ಮಾಪಕರ ಸಂಘವೊಂದರ ಸದಸ್ಯನೆಂದೂ, ಸದಸ್ಯರೆಲ್ಲರೂ ಗ್ರಾಹಕರ ಹಿತಕ್ಕೆ ಬದ್ಧರೆಂದೂ, ತಕರಾರೇನಾದರೂ ಹುಟ್ಟಿದಲ್ಲಿ ಸಂಘವು ಅದನ್ನು ಸೌಹಾರ್ದದಿಂದ ಬಗೆಹರಿಸುವುದೆಂದೂ ಅದರಲ್ಲಿ ಬಂಗಾರದ ಬಣ್ಣದ ಅಕ್ಷರಗಳಲ್ಲಿ ಅಚ್ಚಾಗಿದ್ದಿತು. ಕೆಳಗೆ ಒಂದು ದುಂಡು ಮುದ್ರೆ. ಮುದ್ರೆಯನ್ನು ಕಂಡರೆ ಉಪಾಧ್ಯಾಯನಿಗೆ ನಂಬಿಕೆ ಹೆಚ್ಚು. ಅವನ ಆಯುಷ್ಯವೆಲ್ಲ ಮುದ್ರೆ ಬಿದ್ದ ಕಾಗದಗಳ ನಡುವೆ ಕಳೆದುದಲ್ಲವೆ? “ಒಂದು ಸಲ ಓದಿಬಿಡಿ, ಮೇಷ್ಟ್ರೇ” ಎಂದು ಅವನೇನೋ ಹೇಳಿದನು. “ನೀನು ಬರೆದದ್ದನ್ನು ನಾನು ಓದಿ ಮುಗಿಸಿದ್ದೇನಪ್ಪ” ಎಂದು ನಕ್ಕು, ಅವನು ಬೆರಳಿಟ್ಟ ಕಡೆಯಲ್ಲೆಲ್ಲ ರುಜು ಮಾಡಿದೆನು.

೨೦೨೧ರ ಆಯುಧಪೂಜೆ ಕಳೆದ ಮೇಲೆ ಕೆಲಸ ಮೊದಲಾಯಿತು. ಮೂವತ್ತು ನಲವತ್ತರ ನಿವೇಶನದಲ್ಲಿ ಹನ್ನೆರಡು ಚದರದ ಮನೆ. ಕೆಲಸದ ಜಾಗದಲ್ಲಿ ಒಂದು ರಿಜಿಸ್ಟರ್ ಪುಸ್ತಕವನ್ನಿಟ್ಟಿದ್ದರು. ಆ ದಿನ ಎಷ್ಟು ಆಳು ಬಂದರು, ಎಷ್ಟು ಚೀಲ ಸಿಮೆಂಟು ಖರ್ಚಾಯಿತು ಎಂಬುದನ್ನು ಮೇಸ್ತ್ರಿಯು ಬರೆಯುವನು. ಸಂಜೆ ನಾನು ಹೋಗಿ ನನಗೆ ತೋರಿದ ಒಂದೆರಡು ಮಾತನ್ನು ಬರೆದು ಕೆಳಗೆ ರುಜು ಮಾಡುವೆನು. ಈ ಪುಸ್ತಕದ ಪ್ರಸ್ತಾಪವು ಮುಂದೆ ಬರತಕ್ಕುದಾಗಿದೆ. ೨೦೨೨ರ ಮೇ ೩ನೆಯ ತಾರೀಖು, ಅಕ್ಷಯ ತೃತೀಯೆಯಂದು, ಗೃಹಪ್ರವೇಶವು ನೆರವೇರಿತು. ಎಂಬತ್ತಾರು ವರ್ಷದ ನನ್ನ ತಾಯಿಯವರು ಕಣ್ಣು ತುಂಬ ಮನೆಯನ್ನು ನೋಡಿದರು. ಈಶಾನ್ಯದ ಕೊಠಡಿಯನ್ನು ಅವರಿಗೆಂದು ಬಿಟ್ಟುಕೊಟ್ಟೆವು. ಕರಾರಿನಂತೆ ಕಡೆಯ ಕಂತಾದ ೧,೨೦,೦೦೦ ರೂಪಾಯಿಯನ್ನು ಒಂದು ತಿಂಗಳ ತರುವಾಯ ಕೊಡುವುದೆಂದು ಉಳಿದಿದ್ದಿತು.

ಮಲೆನಾಡಿನ ಸೆರಗಿನಲ್ಲಿರುವ ನಮಗೆ ಮನೆಯ ನಿಜವಾದ ಗೃಹಪ್ರವೇಶವು ಆಗುವುದು ಮಳೆಗಾಲದಲ್ಲಿ. ಜೂನ್ ತಿಂಗಳ ಕೊನೆಯ ವಾರ ಒಂದು ರಾತ್ರಿ ತಾಯಿಯವರು ನನ್ನನ್ನು ಕೂಗಿ ಎಬ್ಬಿಸಿದರು. ಅವರ ಹಾಸಿಗೆಯ ಮೇಲೆ ತಾರಸಿಯಿಂದ ನೀರು ತೊಟ್ಟಿಕ್ಕುತ್ತಿದ್ದಿತು. ಮಂಚವನ್ನು ಸರಿಸಿ ಆ ಜಾಗದಲ್ಲಿ ಹಿತ್ತಾಳೆಯ ಬೋಗುಣಿಯೊಂದನ್ನು ಇಟ್ಟೆವು. ಅವರು ಗೋಡೆಗೊರಗಿ ಕುಳಿತು, “ಹೆಂಚಾಗಿದ್ದರೆ ಒಂದು ಹೆಂಚನ್ನು ಸರಿಸಬಹುದಾಗಿತ್ತು. ಇದನ್ನು ಸರಿಸುವುದು ಹೇಗೆ ಮಗಾ?” ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಜುಲೈ ತಿಂಗಳು ಬರುವ ವೇಳೆಗೆ ಕೊಠಡಿಯ ಮೂಲೆಯ ಗಿಲಾವು ಉಬ್ಬಿ ಉದುರತೊಡಗಿತು. ತಾಯಿಯವರ ವಾಸವು ನಡುಮನೆಗೆ ಬಂದಿತು.

ಶಿಷ್ಯನಿಗೆ ಹೇಳಿಕಳುಹಿಸಿದೆನು. ಎರಡು ಸಲ ಆಳುಗಳು ಬಂದು ಏನನ್ನೋ ಬಳಿದು ಹೋದರು. ಎರಡು ಸಲವೂ ಮಳೆಯು ಅದನ್ನು ತೊಳೆದುಕೊಂಡು ಹೋಯಿತು. ಮೂರನೆಯ ಸಲ ಅವನು ಬರಲಿಲ್ಲ. ನಾನು ಕಡೆಯ ಕಂತನ್ನು ತಡೆಹಿಡಿದೆನು. ಅವನು ದೂರವಾಣಿಯನ್ನು ಎತ್ತುವುದನ್ನು ಬಿಟ್ಟನು. ಹೀಗೆ ಗುರುಶಿಷ್ಯರು ಮಾತು ಬಿಟ್ಟುದಾಯಿತು. ಅವನ ತಂದೆಯವರಲ್ಲಿಗೆ ಹೋಗಿ ಹೇಳಿಕೊಂಡೆನು. ಅವರು ಸಜ್ಜನರು; ನನಗೆ ಕಾಫಿ ಕೊಟ್ಟು, ಮಗನನ್ನು ಬೈದು, ಬಾಗಿಲವರೆಗೂ ಬಂದು ಕಳುಹಿಸಿದರು. ಅದರಿಂದ ತಾರಸಿಗೆ ಏನೂ ಆಗಲಿಲ್ಲ. ಆಗ ಗೋಡೆಯ ಮೇಲಿನ ಪ್ರಮಾಣಪತ್ರವು ನೆನಪಿಗೆ ಬಂದು, ಆ ಸಂಘಕ್ಕೆ ನಾಲ್ಕು ಪುಟದ ಪತ್ರವನ್ನು ಬರೆದೆನು. ಮೂರು ವಾರಗಳ ಮೇಲೆ ಬಂದ ಉತ್ತರವು ನಾಲ್ಕೇ ಸಾಲಿನದು: ತಮ್ಮ ಸದಸ್ಯರು ವಾರ್ಷಿಕ ಚಂದಾವನ್ನು ಕ್ರಮವಾಗಿ ಸಲ್ಲಿಸಿರುತ್ತಾರೆ, ಅವರ ಸದಸ್ಯತ್ವವು ಚಾಲ್ತಿಯಲ್ಲಿದೆ, ತಕರಾರಿನ ವಿಷಯದಲ್ಲಿ ತಾವು ಕರಾರಿನ ಹದಿನೇಳನೆಯ ಕಲಮನ್ನು ನೋಡಿಕೊಳ್ಳತಕ್ಕದ್ದು.

ಆ ದಿನ ಮೊತ್ತಮೊದಲಿಗೆ ನಾನು ನನ್ನ ಕರಾರನ್ನು ಓದಿದೆನು. ಹದಿನೇಳನೆಯ ಕಲಮಿನ ತಾತ್ಪರ್ಯವಿಷ್ಟು: ಉಭಯರಲ್ಲಿ ವ್ಯಾಜ್ಯವುಂಟಾದರೆ ಅದನ್ನು ಮಧ್ಯಸ್ಥಿಕೆಗೆ ಒಪ್ಪಿಸತಕ್ಕದ್ದು, ಮಧ್ಯಸ್ಥನು ಒಬ್ಬನೇ ಇರತಕ್ಕದ್ದು, ಅವನನ್ನು ಸಂಘದ ಸಲಹೆಯ ಮೇರೆಗೆ ಗುತ್ತಿಗೆದಾರನು ನೇಮಿಸತಕ್ಕದ್ದು, ವಿಚಾರಣೆಯು ಬೆಂಗಳೂರಿನಲ್ಲಿ ನಡೆಯತಕ್ಕದ್ದು, ಮನೆಯ ಯಜಮಾನನು ಬೇರೆ ಯಾವ ನ್ಯಾಯಸ್ಥಾನಕ್ಕೂ ಹೋಗಕೂಡದು. ಕೆಳಗೆ ನನ್ನ ರುಜು, ಕರಿಯ ಹಲಗೆಯ ಮೇಲೆ ಬರೆದಷ್ಟು ದುಂಡಗೆ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಬೋಗುಣಿಗೆ ಬೀಳುವ ಹನಿಯ ಸದ್ದಿಗಿಂತಲೂ ಆ ರುಜುವೇ ನನ್ನನ್ನು ಹೆಚ್ಚು ನೋಯಿಸಿತು.

ನನ್ನ ತಂಗಿಯ ಮಗನು ಅಮೆರಿಕೆಯ ಟೆಕ್ಸಾಸ್ ಪ್ರಾಂತದಲ್ಲಿ ಮನೆ ಕೊಂಡಿದ್ದಾನೆ. ವಾರಕ್ಕೊಮ್ಮೆ ಮಾತನಾಡುವಾಗ ಈ ಸಂಗತಿಯನ್ನು ಹೇಳಲಾಗಿ, “ಮಾವ, ನನ್ನ ಕರಾರಿನಲ್ಲೂ ಅಂಥದೇ ಒಂದು ಕಲಮಿದೆ” ಎಂದು ಅವನು ನಕ್ಕನು. ಅಲ್ಲಿ ವ್ಯಾಪಾರಗಾರರ ನಡತೆಯ ಮೇಲೆ ಕಣ್ಣಿಟ್ಟು, ಅವರಿಗೆ ಅಕ್ಷರಗಳಲ್ಲಿ ದರ್ಜೆ ಕೊಟ್ಟು, ಗ್ರಾಹಕರ ದೂರುಗಳನ್ನು ತೆಗೆದುಕೊಂಡು, ಬೇಕಾದರೆ ಮಧ್ಯಸ್ಥಿಕೆಯನ್ನೂ ನಡೆಸುವ ‘ಬೆಟರ್ ಬಿಸಿನೆಸ್ ಬ್ಯೂರೋ’ ಎಂಬ ಸಂಸ್ಥೆಯಿದೆ. ಅದರ ಮೂಲವು ಸುಳ್ಳು ಜಾಹೀರಾತುಗಳನ್ನು ತಡೆಯಲು ೧೯೧೨ರ ಸುಮಾರಿನಲ್ಲಿ ಹುಟ್ಟಿದ ಸಮಿತಿಗಳಲ್ಲಿದೆ. ಅದರ ಮನ್ನಣೆಯ ಗುರುತನ್ನು ಪಡೆಯುವ ವ್ಯಾಪಾರಿಗಳು ವರ್ಷವರ್ಷವೂ ಹಣ ಕೊಡುತ್ತಾರೆ; ಆ ಹಣದಿಂದಲೇ ಸಂಸ್ಥೆಯು ಬಹುಮಟ್ಟಿಗೆ ನಡೆಯುತ್ತದೆ. ೨೦೧೦ರಲ್ಲಿ ಅಲ್ಲಿಯ ದೂರದರ್ಶನ ಸಂಸ್ಥೆಯೊಂದು ಪರೀಕ್ಷಿಸಿ ನೋಡಲಾಗಿ, ಲಾಸ್ ಏಂಜಲೀಸಿನ ಶಾಖೆಯಲ್ಲಿ ಹಣ ತೆತ್ತು ಸದಸ್ಯತ್ವ ಪಡೆದ ಇಲ್ಲದ ಅಂಗಡಿಗಳಿಗೂ ಉತ್ತಮ ದರ್ಜೆ ದೊರೆತುದು ಬೆಳಕಿಗೆ ಬಂದಿತು. ೨೦೧೩ರಲ್ಲಿ ಮಾತೃಸಂಸ್ಥೆಯೇ ಆ ಶಾಖೆಯನ್ನು ಹೊರಗೆ ಹಾಕಿತು. ತನ್ನ ತಪ್ಪನ್ನು ತಾನೇ ಕಿತ್ತುಹಾಕಿದ ಸಂಸ್ಥೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಅದನ್ನು ಕೇಳಿದ ಮೇಲೆ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ನಿಂತಿತು. ತೋಟಕ್ಕೆ ಕಾವಲುಗಾರನಿದ್ದಾನೆಂದು ನಾವು ನೆಮ್ಮದಿಯಿಂದ ಮಲಗುತ್ತೇವಷ್ಟೆ. ಅವನಿಗೆ ಕೂಲಿ ಕೊಡುವವರು ಯಾರೆಂಬುದನ್ನು ಕೇಳಿಕೊಂಡಿದ್ದೇವೆಯೇ?

ಮಾರನೆಯ ವಾರ ನನ್ನ ಗೆಳೆಯರಾದ ಹಿರಿಯ ವಕೀಲರೊಬ್ಬರನ್ನು ಕಂಡೆನು. ಅವರು ಕರಾರನ್ನು ಓದಿ, ಕನ್ನಡಕವನ್ನು ತೆಗೆದಿಟ್ಟು, “ಇಷ್ಟಕ್ಕೆ ಹೆದರಿದಿರಾ?” ಎಂದರು. ಅವರು ತಿಳಿಸಿದುದನ್ನು ನನ್ನಂತಹ ಇತರರಿಗೂ ಉಪಯೋಗವಾದೀತೆಂದು ಇಲ್ಲಿ ಸಂಗ್ರಹಿಸುತ್ತೇನೆ. ಗ್ರಾಹಕ ಸಂರಕ್ಷಣಾ ಕಾಯಿದೆಯು ಮೊದಲು ೧೯೮೬ರಲ್ಲಿ ಬಂದಿತು, ಮನೆ ಕಟ್ಟಿಕೊಡುವುದೂ ಒಂದು ‘ಸೇವೆ’ಯೇ ಎಂಬುದನ್ನು ೧೯೯೩ರಲ್ಲಿ ಅದರೊಳಗೆ ಸ್ಪಷ್ಟವಾಗಿ ಸೇರಿಸಿದರು, ಅದೇ ವರ್ಷ ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹಾಗೆಯೇ ತೀರ್ಪಿತ್ತಿತು. ಹೊಸ ಕಾಯಿದೆಯು ೨೦೧೯ರಲ್ಲಿ ಆಗಿ ೨೦೨೦ರ ಜುಲೈ ೨೦ರಿಂದ ಜಾರಿಯಲ್ಲಿದೆ. ತಕರಾರಿಗೆ ಕಾರಣವುಂಟಾದ ಎರಡು ವರ್ಷಗಳೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬೇಕು. ಕೊಟ್ಟ ಹಣವು ೨೦ ಲಕ್ಷದ ಮೇಲಿದ್ದು ೫೦ ಲಕ್ಷದೊಳಗಿದ್ದರೆ ಅದಕ್ಕೆ ಶುಲ್ಕವು ೧,೦೦೦ ರೂಪಾಯಿ ಮಾತ್ರ. ಸ್ಥಿರಾಸ್ತಿ ನಿಯಂತ್ರಣಕ್ಕಾಗಿ ೨೦೧೬ರಲ್ಲಿ ಆದ ರೇರಾ ಕಾಯಿದೆಯು, ಕಟ್ಟಿ ಮಾರುವ ದೊಡ್ಡ ಯೋಜನೆಗಳಿಗೆ ಸಂಬಂಧಿಸಿದುದು. ಅದರಂತೆ, ಮನೆಯನ್ನು ವಶಕ್ಕೆ ಕೊಟ್ಟ ಐದು ವರ್ಷಗಳೊಳಗೆ ಕಟ್ಟಡದಲ್ಲಿಯಾಗಲಿ ಕೆಲಸದಲ್ಲಿಯಾಗಲಿ ದೋಷ ಕಂಡರೆ ನಿರ್ಮಾಪಕನು ಮೂವತ್ತು ದಿನಗಳಲ್ಲಿ ತನ್ನ ಖರ್ಚಿನಿಂದ ಸರಿಪಡಿಸಬೇಕು. ಸ್ವಂತ ನಿವೇಶನದಲ್ಲಿ ಒಂಟಿ ಮನೆಯನ್ನು ಗುತ್ತಿಗೆ ಕೊಟ್ಟು ಕಟ್ಟಿಸಿದ ನನಗೆ ಅದು ಒದಗಲಾರದು.

ಇನ್ನು ಹದಿನೇಳನೆಯ ಕಲಮು. ಕರಾರಿನಲ್ಲಿ ಮಧ್ಯಸ್ಥಿಕೆಯ ಮಾತಿದ್ದ ಮಾತ್ರಕ್ಕೆ ಗ್ರಾಹಕನಿಗೆ ಆಯೋಗದ ಬಾಗಿಲು ಮುಚ್ಚುವುದಿಲ್ಲವೆಂದು, ಮನೆ ಕಟ್ಟುವ ಕಂಪನಿಯೊಂದರ ಮೊಕದ್ದಮೆಯಲ್ಲಿ ೨೦೧೮ರ ಡಿಸೆಂಬರ್ ೧೦ರಂದು ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿದೆ. ವ್ಯಾಜ್ಯದ ಫಲದಲ್ಲಿ ಆಸಕ್ತಿಯುಳ್ಳವನು ತಾನು ಮಧ್ಯಸ್ಥನಾಗಕೂಡದು. ಅಷ್ಟೇ ಅಲ್ಲ, ಏಕೈಕ ಮಧ್ಯಸ್ಥನನ್ನು ನೇಮಿಸಲೂ ಕೂಡದು ಎಂದು ೨೦೧೯ರ ನವೆಂಬರಿನಲ್ಲಿ ಹೇಳಿದೆ. (ಈಚೆಗೆ, ೨೦೨೪ರ ನವೆಂಬರ್ ೮ರಂದು, ಐವರು ನ್ಯಾಯಾಧೀಶರ ಪೀಠವೂ, ಮಧ್ಯಸ್ಥರ ನೇಮಕದಲ್ಲಿ ಕೂಡ ಉಭಯ ಪಕ್ಷಗಳಿಗೂ ಸಮಾನತೆ ಇರಬೇಕೆಂದು ಎತ್ತಿಹಿಡಿಯಿತು.) “ಆದುದರಿಂದ ನಿಮ್ಮ ಶಿಷ್ಯನ ಈ ಕಲಮು ಕಾಗದದ ಹುಲಿ” ಎಂದು ಹೇಳಿ ಗೆಳೆಯರು ನಕ್ಕರು. ಅನಂತರ ಗಂಭೀರವಾಗಿ, “ಮಧ್ಯಸ್ಥಿಕೆಯನ್ನೇ ಕೆಟ್ಟುದೆಂದು ತಿಳಿಯಬೇಡಿ. ವ್ಯಾಜ್ಯ ಹುಟ್ಟಿದ ಮೇಲೆ ನೀವಿಬ್ಬರೂ ಮನಸಾರೆ ಒಪ್ಪಿ ಆರಿಸಿಕೊಂಡರೆ ಅದರಷ್ಟು ಹಗುರವಾದ ದಾರಿ ಇನ್ನೊಂದಿಲ್ಲ” ಎಂದರು.

ಹೊರಡುವಾಗ ಅವರು ಇನ್ನೊಂದು ಮಾತನ್ನು ಹೇಳಿದರು. ನಮ್ಮ ಕರ್ನಾಟಕದ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದುದು ಪ್ರಸಿದ್ಧವಾಗಿದೆ. ಜನರು ತಮ್ಮತಮ್ಮಲ್ಲೇ ನ್ಯಾಯ ತೀರಿಸಿಕೊಳ್ಳುವ ಮೂರು ಸಭೆಗಳನ್ನು ಅಲ್ಲಿ ವಿವರಿಸಿದೆ. ಬಂಧುಗಳ ಸಭೆಯು ಕುಲ; ಒಂದೇ ಕಸುಬಿನವರ ಸಭೆಯು ಶ್ರೇಣಿ; ಬೇರೆ ಬೇರೆ ಜಾತಿಯವರೂ ಬೇರೆ ಬೇರೆ ಕಸುಬಿನವರೂ ಆಗಿ ಒಂದೇ ಊರಿನಲ್ಲಿ ವಾಸಿಸುವವರ ಸಭೆಯು ಪೂಗ. ಕುಲಕ್ಕಿಂತ ಶ್ರೇಣಿಯೂ ಶ್ರೇಣಿಗಿಂತ ಪೂಗವೂ ಬಲವತ್ತರವಾದುವು. ಕುಲದ ತೀರ್ಮಾನವು ಸಮ್ಮತವಾಗದವನು ಶ್ರೇಣಿಗೂ, ಅಲ್ಲಿಂದ ಪೂಗಕ್ಕೂ ಹೋಗಬಹುದು. ಪೂಗವು ತೀರಿಸಿದುದನ್ನು ಹಿಂದಕ್ಕೆ ಶ್ರೇಣಿಗೆ ಒಯ್ಯುವಂತಿಲ್ಲ. ಮನೆಗೆ ಬರುವ ದಾರಿಯಲ್ಲಿ ಇದನ್ನೇ ಯೋಚಿಸುತ್ತ ಬಂದೆನು. ಶಿಷ್ಯನ ತಂದೆಯ ಬಳಿಗೆ ಹೋದಾಗ ನಾನು ಕುಲಕ್ಕೆ ಹೋದಂತಾಯಿತು. ನಿರ್ಮಾಪಕರ ಸಂಘಕ್ಕೆ ಬರೆದಾಗ ಶ್ರೇಣಿಗೆ ಹೋದಂತಾಯಿತು. ಒಂದೇ ಕಸುಬಿನವರು ತಮ್ಮವನ ತಪ್ಪನ್ನು ತೂಗುವಾಗ ತಕ್ಕಡಿಯ ಮೇಲೆ ತಿಳಿದೋ ತಿಳಿಯದೆಯೋ ಬೆರಳು ಬೀಳುತ್ತದೆಂದು ಒಂಬೈನೂರು ವರ್ಷಗಳ ಹಿಂದೆಯೇ ನಮ್ಮವರಿಗೆ ಗೊತ್ತಿದ್ದಿರಬೇಕು. ಉಳಿದುದು ಪೂಗ. ಈಗಿನ ಕಾಲದಲ್ಲಿ ಅದು ಎಲ್ಲಿದೆ?

ಅದಕ್ಕೆ ಬಹಳ ಸಮೀಪವಾದುದೊಂದು ನಮ್ಮ ಊರಿನಲ್ಲಿಯೇ ಇದ್ದಿತು. ಗ್ರಾಹಕರ ಹಿತರಕ್ಷಣೆಗಾಗಿ ಕೆಲವರು ನಡೆಸುವ ಒಂದು ಸಣ್ಣ ವೇದಿಕೆ. ಶನಿವಾರ ಸಂಜೆ ಗ್ರಂಥಾಲಯದ ಹಿಂದಿನ ಕೊಠಡಿಯಲ್ಲಿ ಸೇರುತ್ತಾರೆ. ಒಬ್ಬರು ಔಷಧದ ಅಂಗಡಿಯವರು, ಒಬ್ಬರು ರೈಲ್ವೆಯಲ್ಲಿದ್ದವರು, ಒಬ್ಬರು ಅಡಕೆ ಬೆಳೆಗಾರರು. ಕಾರ್ಯದರ್ಶಿಗಳು ಬ್ಯಾಂಕಿನಿಂದ ನಿವೃತ್ತರಾದ ಮಹಿಳೆ. ಸದಸ್ಯತ್ವದ ಚಂದಾ ವರ್ಷಕ್ಕೆ ೧೦೦ ರೂಪಾಯಿ. ವ್ಯಾಪಾರಸಂಸ್ಥೆಗಳಿಂದ ಒಂದು ಕಾಸನ್ನೂ ತೆಗೆದುಕೊಳ್ಳುವುದಿಲ್ಲ. ನಾನು ನೂರು ರೂಪಾಯಿಯನ್ನು ಮೇಜಿನ ಮೇಲಿಟ್ಟು, “ಇನ್ನು ನನ್ನನ್ನು ರಕ್ಷಿಸುವ ಭಾರ ನಿಮ್ಮದು” ಎಂದೆನು. ಅವರು ರಸೀತಿಯನ್ನು ಬರೆಯುತ್ತಲೇ, “ಇದು ಕೊಡೆಗೆ ಕೊಟ್ಟ ಹಣವಲ್ಲ ಸಾರ್. ಇನ್ನೊಬ್ಬರಿಗೆ ಕೊಡೆ ಹಿಡಿಯುತ್ತೇನೆಂದು ನೀವು ಒಪ್ಪಿಕೊಂಡುದಕ್ಕೆ ರಸೀತಿ” ಎಂದರು. ಸದಸ್ಯತ್ವವೆಂಬ ಪದಕ್ಕೆ ಅಂಥ ಅರ್ಥವಿದೆಯೆಂದು ನಾನು ಅದುವರೆಗೆ ತಿಳಿದಿರಲಿಲ್ಲ.

ಅವರು ನನ್ನ ಮುಂದೆ ಎರಡು ದಾರಿಗಳನ್ನಿಟ್ಟರು. ಆಯೋಗಕ್ಕೆ ಹೋದರೆ ನ್ಯಾಯ ಸಿಕ್ಕೀತು. ಆದರೆ ಕಾಲ ಹಿಡಿಯಬಹುದು. ಇಬ್ಬರೂ ಒಪ್ಪುವ ಪಂಚರನ್ನು ಆರಿಸಿಕೊಂಡರೆ ಬರುವ ಮಳೆಗಾಲದೊಳಗೆ ತಾರಸಿ ಸರಿಹೋದೀತು. ಆದರೆ ಪಂಚರ ತೀರ್ಮಾನವು ನನಗೆ ಸೊಗಸದಿದ್ದರೂ ನಾನು ಅದಕ್ಕೆ ತಲೆಬಾಗಬೇಕು. ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು ಇರುವ ಕಾರಣಗಳು ಬಹಳ ಕಡಮೆ. ಅವರು ಮತ್ತೊಂದು ಎಚ್ಚರಿಕೆಯನ್ನೂ ಕೊಟ್ಟರು: “ನಿಮ್ಮ ಪರವಾಗಿ ಮಾತನಾಡುವವರನ್ನು ಹೆಸರಿಸಬೇಡಿ. ನಿಮಗೆ ವಿರುದ್ಧವಾಗಿ ಹೇಳಿದರೂ ನೀವು ಯಾರನ್ನು ನಂಬುವಿರೋ ಅವರನ್ನು ಹೆಸರಿಸಿ.”

ವಕೀಲರ ಪತ್ರವು ತಲುಪಿದ ಮೇಲೆ ಶಿಷ್ಯನು ಬಂದನು. ಅವನಿಗೂ ಚಿಂತೆಯಿದ್ದಿತು. ತಡೆಹಿಡಿದ ೧,೨೦,೦೦೦ ರೂಪಾಯಿ ಅವನಿಗೆ ದೊಡ್ಡ ಮೊತ್ತವೇ. ಅದಲ್ಲದೆ, ಮೇಷ್ಟ್ರ ಮನೆ ಸೋರುತ್ತದೆಂಬ ಮಾತು ಊರಿನಲ್ಲಿ ಹರಡಿದ್ದಿತು. ವಕೀಲರು ಹೊಸದಾಗಿ ಒಂದು ಒಪ್ಪಂದವನ್ನು ಬರೆದರು. ಹಳೆಯ ಹದಿನೇಳನೆಯ ಕಲಮನ್ನು ಇಬ್ಬರೂ ಕೈಬಿಟ್ಟೆವು. ೧೯೯೬ರ ಮಧ್ಯಸ್ಥಿಕೆ ಮತ್ತು ಸಂಧಾನ ಕಾಯಿದೆಯಂತೆ ಒಪ್ಪಂದವು ಬರೆಹದಲ್ಲಿರಬೇಕು. ಪಂಚರ ಸಂಖ್ಯೆಯು ಸರಿಸಂಖ್ಯೆಯಾಗಿರಕೂಡದು. ಇಂಥವರು ಕೊಡುವ ತೀರ್ಪನ್ನು ನಮ್ಮ ಭಾಷೆಯಲ್ಲಿ ‘ಐತೀರ್ಪು’ ಎನ್ನುತ್ತೇವೆ. ಊರಿನ ಕಟ್ಟೆಯ ಮೇಲೆ ಕುಳಿತ ಐವರ ನೆನಪು ಆ ಮಾತಿನಲ್ಲಿ ಇನ್ನೂ ಉಳಿದಂತಿದೆ. ನಮಗೆ ಮೂವರು ಸಾಕಾದರು. ಲೋಕೋಪಯೋಗಿ ಇಲಾಖೆಯ ನಿವೃತ್ತ ಇಂಜಿನಿಯರೊಬ್ಬರನ್ನು ನಾನು ಹೆಸರಿಸಿದೆನು. ಭದ್ರಾವತಿಯ ಹಿರಿಯ ಮೇಸ್ತ್ರಿಯೊಬ್ಬರನ್ನು ಅವನು ಹೆಸರಿಸಿದನು. ಅವರಿಬ್ಬರೂ ಸೇರಿ ನ್ಯಾಯಾಲಯದಲ್ಲಿ ಶಿರಸ್ತೇದಾರರಾಗಿದ್ದ ವೃದ್ಧರನ್ನು ಮೂರನೆಯವರನ್ನಾಗಿ ಆರಿಸಿದರು. ಪಂಚರು ಪಕ್ಷಗಾರರೊಡನೆ ತಮಗಿರುವ ಸಂಬಂಧವನ್ನು ಮೊದಲೇ ಬರೆದು ತಿಳಿಸಬೇಕಾಗಿದೆ. ಇಂಜಿನಿಯರು, ತಮ್ಮ ಮಗಳು ನನ್ನಲ್ಲಿ ಓದಿದವಳೆಂದು ಬರೆದುಕೊಟ್ಟರು. ಶಿಷ್ಯನು ಅದನ್ನು ಓದಿ, “ಪರವಾಗಿಲ್ಲ, ನಾನೂ ಅವರಲ್ಲಿಯೇ ಓದಿದವನು” ಎಂದನು. ಎಷ್ಟೋ ತಿಂಗಳ ಮೇಲೆ ನಾವಿಬ್ಬರೂ ಒಟ್ಟಿಗೆ ನಕ್ಕೆವು.

ಸೆಪ್ಟೆಂಬರಿನ ಒಂದು ಭಾನುವಾರ ವಿಚಾರಣೆಯು ನಮ್ಮ ತಾರಸಿಯ ಮೇಲೆಯೇ ನಡೆಯಿತು. ಹಿಂದಿನ ದಿನವೇ ಬಂದು, ಮಳೆನೀರಿನ ಕೊಳವೆಯ ಬ

ಾಯನ್ನು ಮುಚ್ಚಿಸಿ, ಸುತ್ತಲೂ ಮಣ್ಣಿನ ಸಣ್ಣ ಕಟ್ಟೆ ಹಾಕಿಸಿ, ನೀರು ನಿಲ್ಲಿಸಿದ್ದರು. ಬೆಳಗಾಗುವಷ್ಟರಲ್ಲಿ ಕೆಳಗಿನ ಕೊಠಡಿಯಲ್ಲಿ ನೀರು ಎಲ್ಲೆಲ್ಲಿ ಇಳಿಯುತ್ತದೆಂಬುದು ಬರೆದಿಟ್ಟಂತೆ ಕಂಡಿತು. ಮೇಸ್ತ್ರಿಯವರು ಉಳಿಯಿಂದ ಮೇಲುಗಾರೆಯನ್ನು ಕೆತ್ತಿ ನೋಡಿ, ಇಳಿಜಾರು ಸಾಲದೆಂದೂ, ಗೋಡೆ ತಾರಸಿ ಸೇರುವ ಮೂಲೆಯಲ್ಲಿ ಗಾರೆಯನ್ನು ದುಂಡಗೆ ತಿರುಗಿಸಿಲ್ಲವೆಂದೂ ಹೇಳಿದರು. ಶಿಷ್ಯನು ಹೆಸರಿಸಿದವರೇ ಶಿಷ್ಯನ ತಪ್ಪನ್ನು ಹೇಳಿದುದನ್ನು ಕಂಡು ನಾನು ಒಳಗೊಳಗೇ ಹಿಗ್ಗಿದೆನು. ಆ ಹಿಗ್ಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ನಾನು ಹೆಸರಿಸಿದ ಇಂಜಿನಿಯರು ರಿಜಿಸ್ಟರ್ ಪುಸ್ತಕವನ್ನು ತರಿಸಿ ಏಪ್ರಿಲ್ ತಿಂಗಳ ಕೊನೆಯ ಪುಟವನ್ನು ತೆರೆದರು. ತಾರಸಿಯ ಮೇಲುಗಾರೆ ಮುಗಿದುದು ಏಪ್ರಿಲ್ ೨೫ರಂದು. ಅದರ ಕೆಳಗೆ, “ಕನಿಷ್ಠ ಹತ್ತು ದಿನ ನೀರು ನಿಲ್ಲಿಸಬೇಕು” ಎಂದು ಕಟ್ಟಡದ ಮೇಸ್ತ್ರಿಯ ಬರೆಹ. ಅದರ ಕೆಳಗೆ, ೨೮ನೆಯ ತಾರೀಖಿನಂದು, ಇನ್ನೊಂದು ಬರೆಹ: “ನೀರು ನಿಲ್ಲಿಸಿದ್ದು ಸಾಕು. ಚಪ್ಪರಕ್ಕೂ ಅಡಿಗೆಗೂ ತಾರಸಿ ಬೇಕು. ಮುಹೂರ್ತ ತಪ್ಪಕೂಡದು.” ಅಕ್ಷರವು ದುಂಡಗಿತ್ತು. ಕೆಳಗಿನ ರುಜುವೂ ದುಂಡಗಿತ್ತು.

ಇಂಜಿನಿಯರು ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿ, “ಇದು ತಮ್ಮ ಕೈಬರೆಹವೇ?” ಎಂದು ಕೇಳಿದರು. ಹೌದೆಂದೆನು. ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ ಏಳು ದಿನ, ಬೂದಿ ಮುಂತಾದುವು ಬೆರೆತ ಸಿಮೆಂಟಾದರೆ ಹತ್ತು ದಿನ ತೇವವಿರಬೇಕೆಂಬುದು ನಿಯಮವೆಂದೂ, ಬೇಸಗೆಯಲ್ಲಿ ಅದಕ್ಕಿಂತ ಹೆಚ್ಚು ಬೇಕೆಂದೂ, ಮೇಲಿನ ತೆಳುಗಾರೆಯು ಏಪ್ರಿಲಿನ ಬಿಸಿಲಿನಲ್ಲಿ ಮೂರೇ ದಿನ ನೀರುಂಡರೆ ಬಿರಿಯದೆ ಏನಾದೀತೆಂದೂ ಅವರು ವಿವರಿಸಿದರು. ನಾನು ಶಿಷ್ಯನ ಮುಖವನ್ನು ನೋಡಿದೆನು. ಈ ಬರೆಹವು ಅವನಿಗೆ ಮೊದಲಿನಿಂದಲೂ ಗೊತ್ತಿದ್ದಿತು. ಇಷ್ಟು ತಿಂಗಳ ಜಗಳದಲ್ಲಿ ಅವನು ಅದನ್ನು ಒಮ್ಮೆಯೂ ನನ್ನ ಮುಖಕ್ಕೆ ಹಿಡಿದಿರಲಿಲ್ಲ. ಏಕೆಂದು ಕೇಳಿದುದಕ್ಕೆ ತಲೆ ತಗ್ಗಿಸಿ, “ನಿಮ್ಮ ತಪ್ಪನ್ನು ನಿಮಗೆ ತೋರಿಸುವುದು ಹೇಗೆ, ಮೇಷ್ಟ್ರೇ? ಅದಕ್ಕೇ ಬರುವುದನ್ನು ಬಿಟ್ಟೆ” ಎಂದನು. ನಾನು ಅವನ ಮೌನವನ್ನು ಕಳ್ಳತನವೆಂದು ತಿಳಿದಿದ್ದೆನು.

ಎರಡು ವಾರಗಳಲ್ಲಿ ಐತೀರ್ಪು ಬಂದಿತು. ಗುತ್ತಿಗೆದಾರನು ಮಳೆ ನಿಂತ ಮೇಲೆ ಇಳಿಜಾರನ್ನು ಸರಿಪಡಿಸಿ, ಮೇಲುಗಾರೆಯನ್ನು ಪೂರ್ತಿಯಾಗಿ ಹೊಸದಾಗಿ ಹಾಕಿಸಬೇಕು. ಅದಕ್ಕೆ ಬೀಳುವ ೯೦,೦೦೦ ರೂಪಾಯಿಯಲ್ಲಿ ಎರಡು ಪಾಲು ಅವನದು, ಒಂದು ಪಾಲು ನನ್ನದು. ಹದಿನಾಲ್ಕು ದಿನ ನೀರು ನಿಲ್ಲಿಸಬೇಕು, ಆ ದಿನಗಳಲ್ಲಿ ಮನೆಯ ಯಜಮಾನನು ತಾರಸಿಯನ್ನು ಹತ್ತಕೂಡದು. ಪರೀಕ್ಷೆಯಾದ ಹದಿನೈದು ದಿನಗಳೊಳಗೆ ನಾನು ಕಡೆಯ ಕಂತನ್ನು ಪೂರ್ತಿಯಾಗಿ ಸಲ್ಲಿಸಬೇಕು. ಪಂಚರ ಖರ್ಚು ಸಮಪಾಲು. ಯಜಮಾನನ ವಿಷಯದ ಮಾತು ಮೇಸ್ತ್ರಿಯವರು ಸೇರಿಸಿದುದೆಂದು ಆಮೇಲೆ ತಿಳಿಯಿತು. ಮೂವತ್ತು ಸಾವಿರ ರೂಪಾಯಿ ನಿವೃತ್ತ ಉಪಾಧ್ಯಾಯನಿಗೆ ಹಗುರವಾದ ಮೊತ್ತವಲ್ಲ. ಆದರೂ ಅದನ್ನು ಕೊಡುವಾಗ, ಎಷ್ಟೋ ವರ್ಷಗಳ ಮೇಲೆ ಪರೀಕ್ಷೆಯೊಂದಕ್ಕೆ ಕುಳಿತು ನ್ಯಾಯವಾದ ಅಂಕವನ್ನು ಪಡೆದಂತಾಯಿತು.

ಹದಿನೇಳನೆಯ ಕಲಮಿನ ಮಧ್ಯಸ್ಥಿಕೆಗೂ ಈ ಮಧ್ಯಸ್ಥಿಕೆಗೂ ಹೆಸರೊಂದೇ. ಅದರಂತೆ ಬೆಂಗಳೂರಿನಲ್ಲಿ ಅವನು ನೇಮಿಸಿದ ಪಂಚನೊಬ್ಬನು ಕುಳಿತು, ಇದೇ ಪುಸ್ತಕವನ್ನು ನೋಡಿ, ನನಗೆ ವಿರುದ್ಧವಾಗಿ ಇದೇ ಮಾತನ್ನು ಹೇಳಿದ್ದರೆ ನಾನು ನಂಬುತ್ತಿದ್ದೆನೇ? ಖಂಡಿತವಾಗಿಯೂ ಇಲ್ಲ, ಮೋಸವಾಯಿತೆಂದೇ ಸಾಯುವವರೆಗೂ ಹೇಳಿಕೊಂಡು ತಿರುಗುತ್ತಿದ್ದೆನು. ಪಂಚನನ್ನು ಒಬ್ಬನೇ ಆರಿಸಿದರೆ ಸೋತವನಿಗೆ ನ್ಯಾಯ ಕಾಣುವುದಿಲ್ಲ; ಗೆದ್ದವನಿಗಾದರೂ ಗೆದ್ದ ಗೌರವ ದೊರೆಯುವುದಿಲ್ಲ. ಮುದ್ರೆಯ ವಿಷಯವೂ ಹಾಗೆಯೇ. ತೂಗಿಸಿಕೊಳ್ಳುವವನೇ ಹಣ ಕೊಟ್ಟು ತಂದ ತಕ್ಕಡಿಯು ಸರಿಯಾಗಿಯೇ ತೂಗುತ್ತಿದ್ದರೂ ಇರಬಹುದು. ಆದರೆ ನೋಡುವವನ ಸಂಶಯವನ್ನು ಅದು ತೂಗಲಾರದು.

ಡಿಸೆಂಬರಿನಲ್ಲಿ ಕೆಲಸ ಮುಗಿಯಿತು. ಕಡೆಯ ಕಂತು ಸಂದಿತು. ಶಿಷ್ಯನು ಈಗ ತನ್ನ ಕರಾರುಗಳಲ್ಲಿ ಹದಿನೇಳನೆಯ ಕಲಮನ್ನು ಬೇರೆ ವಿಧವಾಗಿ ಬರೆಸುತ್ತಾನೆ: ವ್ಯಾಜ್ಯ ಹುಟ್ಟಿದ ಮೇಲೆ ಇಬ್ಬರೂ ಬರೆದು ಒಪ್ಪಿದರೆ ಮಾತ್ರ ಮಧ್ಯಸ್ಥಿಕೆ, ಇಬ್ಬರೂ ಒಪ್ಪಿದ ಪಂಚರು, ಮನೆಯಿರುವ ಊರಿನಲ್ಲಿಯೇ ವಿಚಾರಣೆ. ಅದರ ಕನ್ನಡವನ್ನು ನಾನೇ ತಿದ್ದಿಕೊಟ್ಟೆನು. ಶನಿವಾರ ಸಂಜೆ ಗ್ರಂಥಾಲಯದ ಹಿಂದಿನ ಕೊಠಡಿಯಲ್ಲಿ ನಾನೂ ಕುಳಿತಿರುತ್ತೇನೆ. ಮನೆ ಕಟ್ಟಿಸುವವರು ಕರಾರುಪತ್ರಗಳನ್ನು ತಂದು ತೋರಿಸುತ್ತಾರೆ. “ಎರಡು ಸಲ ಓದಿ, ಆಮೇಲೆ ರುಜು ಮಾಡಿ” ಎಂದು ಹೇಳುತ್ತೇನೆ. ಹಳೆಯ ಮಾತೇ, ಈಗ ಅದನ್ನು ಹೇಳುವ ಅಧಿಕಾರ ನನಗೆ ಸ್ವಲ್ಪ ಬಂದಿದೆ ಎಂದುಕೊಳ್ಳುತ್ತೇನೆ.

ತಾಯಿಯವರು ತಮ್ಮ ಕೊಠಡಿಗೆ ಹಿಂದಿರುಗಿದರು. ಆದರೆ ಬೋಗುಣಿಯನ್ನು ಮಾತ್ರ ತೆಗೆಯಗೊಡಲಿಲ್ಲ. “ಪಂಚರು ಹೇಳಿದ್ದಾಯಿತು. ಮಳೆಯೂ ಹೇಳಲಿ” ಎಂದರು. ೨೦೨೩ರಲ್ಲಿ ನಾಡಿಗೆ ನಾಡೇ ಬರದಿಂದ ಬಳಲಿದುದರಿಂದ, ಆ ವರ್ಷದ ಸಾಕ್ಷಿಯನ್ನು ಅವರು ಪೂರ್ತಿಯಾಗಿ ಒಪ್ಪಲಿಲ್ಲ. ೨೦೨೪ರ ಜುಲೈ ತಿಂಗಳಲ್ಲಿ ಮಳೆಯು ಹಗಲಿರುಳೂ ಹಿಡಿದು ಹೊಯ್ದು, ತುಂಗೆಯು ತುಂಬಿ ಹರಿಯಿತು. ಎಂಟು ದಿನಗಳಾದ ಮೇಲೆ ಒಂದು ಬೆಳಗ್ಗೆ ಅಡಿಗೆಮನೆಗೆ ಹೋಗಿ ನೋಡುತ್ತೇನೆ: ಹಿತ್ತಾಳೆಯ ಬೋಗುಣಿಯನ್ನು ಹುಣಿಸೆಹಣ್ಣಿನಿಂದ ತಿಕ್ಕಿ, ಬೆಳಗಿ, ಗೂಡಿನಲ್ಲಿ ಬೋರಲು ಹಾಕಿದ್ದರು.